ಅವ್ವ ಬೆಸೆದ ನಾಲ್ಕು ಕೊಳವೆಗಳು

ನಮ್ಮ ಮನೆಯಲ್ಲಿ ಎರಡು ಜರಡಿಗಳಿದ್ದವು. ಒಂದು ಜೋಳದ ಹಿಟ್ಟು ಸಾಣಿಸುವುದಕ್ಕೆ, ಇನ್ನೊಂದು ಉಸುಕು ಸಾಣಿಸುವುದಕ್ಕೆ. ಎರಡೂ ಒಂದೇ ಅಂಗಡಿಯಿಂದ ಬಂದವು, ಒಂದೇ ಅಳತೆಯವು, ಅಡುಗೆಮನೆಯ ಗೋಡೆಗೆ ಅಕ್ಕಪಕ್ಕದ ಮೊಳೆಗಳಲ್ಲಿ ತೂಗುತ್ತಿದ್ದವು. ಹಾಗಾಗಿ ಆಗಾಗ ಉಸುಕಿನ ಜರಡಿ ಹಿಟ್ಟಿಗೆ ಬಂದುಬಿಡುತ್ತಿತ್ತು. ರೊಟ್ಟಿ ಹಲ್ಲಿಗೆ ಕರಕರ ಅನ್ನುತ್ತಿದ್ದಂತೆ ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ತಾಟು ದೂಡಿ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು.

"ಇದು ಮನಿಯೋ ಕಾರಖಾನಿಯೋ, ಒಂದ ಹೇಳ್ರಿ ನನಗ."

ಅದು ಎರಡೂ ಆಗಿತ್ತು. ಠಾಣೆಯ ಪಕ್ಕದ ಕೋಪರಖೈರಣೆಯ ರೋಹೌಸುಗಳ ಸಾಲಿನಲ್ಲಿ ಕೊನೆಯ ಮನೆ ನಮ್ಮದು. ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಏಣಿ ಹತ್ತಿ ಹೋಗುವ ಅಟ್ಟ. ಅಟ್ಟದಲ್ಲಿ ನಾನೂ ಆಯಿಯೂ ಮಲಗುತ್ತಿದ್ದೆವು. ಮನೆಯ ಮುಂದೆ ಒಂದು ಕಾರು ನಿಲ್ಲುವಷ್ಟು ಅಂಗಳ, ಅದರ ಮೇಲೆ ತಗಡು. ಆ ತಗಡಿನ ಕೆಳಗೆ ಅಪ್ಪ ಈರಣ್ಣ ಕಾರುಗಳ ಸೈಲೆನ್ಸರ್ ಕೆಲಸ ಮಾಡುತ್ತಿದ್ದ. ವಿಜಯಪುರದ ಕಡೆಯಿಂದ ಬಂದ ನಮ್ಮವರಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೋ ಮಾರ್ಕೆಟ್ಟಿನ ಹಮಾಲಿಗೋ ಹೋದರೆ ಅಪ್ಪ ಡೊಂಬಿವ್ಲಿಯ ಒಬ್ಬ ಗ್ಯಾರೇಜಿನವನ ಕೈಕೆಳಗೆ ಕೊಳವೆ ಬಗ್ಗಿಸುವುದನ್ನು ಕಲಿತು, ಆಮೇಲೆ ಇಲ್ಲಿ ಸ್ವಂತ ಕೆಲಸ ಹಿಡಿದಿದ್ದ. ಬಾಡಿಗೆ ಟ್ಯಾಕ್ಸಿ, ಟೆಂಪೊಗಳು ಬರುತ್ತಿದ್ದವು. ಅದರ ಜೊತೆಗೆ ಓಟದ ಹುಚ್ಚಿನವರ ಕಾರುಗಳೂ ಬರುತ್ತಿದ್ದವು. ಅವು ಬಂದ ದಿನ ಅಪ್ಪ ಗಡ್ಡ ಬೋಳಿಸಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದ.

ಉಸುಕು ಏಕೆ ಬೇಕಿತ್ತೆಂದು ಹೇಳಬೇಕು. ಕೊಳವೆಯನ್ನು ಹಾಗೆಯೇ ಬಗ್ಗಿಸಿದರೆ ಬಗ್ಗಿದ ಜಾಗದಲ್ಲಿ ಅದು ಚಪ್ಪಟೆಯಾಗಿ ಒಳದಾರಿ ಇಕ್ಕಟ್ಟಾಗುತ್ತದೆ. ಅದಕ್ಕೇ ಕೊಳವೆಯ ತುಂಬ ಒಣ ಉಸುಕು ಹಾಕಿ, ಕಟ್ಟಿಗೆಯ ಸುತ್ತಿಗೆಯಿಂದ ಹೊರಮೈ ತಟ್ಟಿ ತಟ್ಟಿ ಒಳಗೆ ಬಿಗಿಯಾಗಿ ಕೂರಿಸಿ, ಎರಡೂ ಬಾಯಿಗೆ ಬೆಣೆ ಹೊಡೆದು, ಬಗ್ಗಬೇಕಾದ ಕಡೆ ಗ್ಯಾಸಿನ ಉರಿಯಿಂದ ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಒಳಗಿನ ಉಸುಕು ಕೊಳವೆಯ ಗೋಡೆ ಕುಸಿಯದಂತೆ ಹಿಡಿದು ನಿಲ್ಲುತ್ತದೆ. ಆದರೆ ಉಸುಕಿನಲ್ಲಿ ಹಸಿ ಇರಬಾರದು. ಹಸಿ ಇದ್ದರೆ ಕಾದಾಗ ಉಗಿಯಾಗಿ ಬೆಣೆಯನ್ನು ಗುಂಡಿನ ಹಾಗೆ ಹಾರಿಸುತ್ತದೆ. ಅದಕ್ಕೆಂದೇ ಆಯಿ ಬೇಸಿಗೆಯಲ್ಲಿ ಹಪ್ಪಳ ಒಣಗಿಸಿದಂತೆ ಗಚ್ಚಿಯ ಮೇಲೆ ಹಳೆಯ ಸೀರೆ ಹಾಸಿ ಉಸುಕು ಹರಡುತ್ತಿದ್ದಳು. ಮಳೆಗಾಲದಲ್ಲಿ ಅವ್ವ ಒಲೆಯ ಮೇಲೆ ಬಾಣಲೆಯಿಟ್ಟು ಅದನ್ನು ರವೆ ಹುರಿದಂತೆ ಹುರಿಯುತ್ತಿದ್ದಳು. ಕೊಳವೆ ತಟ್ಟುವ ಕೆಲಸ ನನ್ನದು. ಸದ್ದು ಟೊಳ್ಳಾಗಿ ಕೇಳಿದರೆ ಇನ್ನೂ ತುಂಬಬೇಕು. ಸದ್ದು ಸತ್ತಂತೆ ಕೇಳಿದರೆ ತುಂಬಿದೆ. ಶಾಲೆಯಲ್ಲಿ ನಾನು ಮರಾಠಿಯಲ್ಲೂ ಓಣಿಯಲ್ಲಿ ಹಿಂದಿಯಲ್ಲೂ ಮಾತಾಡುತ್ತಿದ್ದೆ, ಮನೆಯವರು ಕನ್ನಡದಲ್ಲಿ ಕೇಳಿದ್ದಕ್ಕೂ ಅರ್ಧ ಮರಾಠಿಯಲ್ಲೇ ಉತ್ತರಿಸುತ್ತಿದ್ದೆ. ಈ ಒಂದು ಕೆಲಸದಲ್ಲಿ ಮಾತ್ರ ನನ್ನ ಉತ್ತರ ಯಾವಾಗಲೂ ಕನ್ನಡದಲ್ಲೇ ಬರುತ್ತಿತ್ತು: "ತುಂಬೇತಿ, ಅಪ್ಪಾ."

ಅಪ್ಪ ಪಾಠ ಹೇಳುತ್ತಿದ್ದುದು ಊಟಕ್ಕೆ ಕೂತಾಗ. ಆಯಿ ಊರಿಂದ ತಂದ ಊದುಗೊಳವೆಯೊಂದು ಗ್ಯಾಸಿನ ಒಲೆ ಬಂದ ಮೇಲೆ ಕೆಲಸವಿಲ್ಲದೆ ಮೂಲೆ ಹಿಡಿದಿತ್ತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಊದಿಸಿದ. ಇನ್ನೊಂದು ಕೈ ದೂರ ಹಿಡಿದು ನೋಡು ಅಂದ. ಉಸಿರು ಚುರುಕಾಗಿ ಬಂದು ಅಂಗೈಗೆ ತಾಗಿತು. ಆಮೇಲೆ ಟ್ರಕ್ಕಿನ ಅಗಲದ ಕೊಳವೆಯ ತುಂಡು ಕೊಟ್ಟ. ಎಷ್ಟು ಊದಿದರೂ ಅಂಗೈಗೆ ಏನೂ ಬರಲಿಲ್ಲ.

"ಅಗಲ ಆದ್ರ ಹೊಗಿ ಆರಾಮ ಹೊರಗ ಹೋಗ್ತೈತಿ ಅಂತ ಮಂದಿ ತಿಳಕೊಂಡಾರ. ಅಗಲ ಆದ್ರ ಅದು ತಣ್ಣಗಾಗ್ತೈತಿ, ದಾರಿಯಾಗ ಕಾಲ ಎಳೀತೈತಿ. ಸಣ್ಣದಾದ್ರ ಉಸುರ ಕಟ್ತೈತಿ. ಎಂಜಿನ್ನಿಗೆ ಎಷ್ಟ ಬೇಕೋ ಅಷ್ಟ ಕೊಡ್ಬೇಕು."

ಓಟದ ಕಾರಿನ ವಿಷಯಕ್ಕೆ ಬಂದರೆ ಅಪ್ಪನ ಧ್ವನಿಯೇ ಬೇರೆಯಾಗುತ್ತಿತ್ತು. ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಒಂದಾದ ಮೇಲೊಂದು ಸುಟ್ಟ ಗಾಳಿಯನ್ನು ಹೊರಗೆ ದೂಡುತ್ತವೆ. ಕಂಪನಿಯಿಂದ ಬರುವ ಕಾರಿನಲ್ಲಿ ಆ ನಾಲ್ಕೂ ಬಾಯಿಗಳು ಒಂದು ಮೋಟು ಎರಕದ ತುಂಡಿನಲ್ಲಿ ಗುಂಪಾಗಿ ಬೀಳುತ್ತವೆ, ಒಂದರ ಗಾಳಿ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅಪ್ಪ ಅದನ್ನು ಠಾಣೆ ಸ್ಟೇಷನ್ನಿನ ಬ್ರಿಜ್ಜಿಗೆ ಹೋಲಿಸುತ್ತಿದ್ದ. ನಾಲ್ಕು ಪ್ಲಾಟ್‌ಫಾರ್ಮಿನ ಮಂದಿ ಒಟ್ಟಿಗೇ ಹತ್ತಿದರೆ ಯಾರೂ ಮುಂದೆ ಹೋಗುವುದಿಲ್ಲ. ಒಂದು ಗಾಡಿಯವರು ಹೋದ ಮೇಲೆ ಇನ್ನೊಂದು ಗಾಡಿ ಬಂದರೆ ಯಾರೂ ನಿಲ್ಲಬೇಕಾಗಿಲ್ಲ. ಹಾಗೆಯೇ ನಾಲ್ಕು ಸಿಲಿಂಡರಿಗೂ ಬೇರೆ ಬೇರೆ ಕೊಳವೆ ಕೊಟ್ಟು, ನಾಲ್ಕರ ಉದ್ದವನ್ನೂ ಸಮವಾಗಿಟ್ಟು, ಎರಡೆರಡನ್ನು ಕೂಡಿಸಿ, ಆ ಎರಡನ್ನು ಒಂದು ಮಾಡಿದರೆ ಪ್ರತಿಯೊಂದು ತನ್ನ ಸರದಿಗೆ ಬಂದು ಕೂಡುತ್ತದೆ. ಅಷ್ಟೇ ಅಲ್ಲ, ಮುಂದೆ ಹೋದದ್ದು ತನ್ನ ಹಿಂದೆ ಒಂದು ಸೆಳೆತ ಬಿಟ್ಟು ಹೋಗುತ್ತದೆ. ಆ ಸೆಳೆತ ಮುಂದಿನ ಸಿಲಿಂಡರಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎಂಜಿನ್ ದೂಡುವ ಶ್ರಮ ಉಳಿದು ಆ ಬಲ ಗಾಲಿಗೆ ಹೋಗುತ್ತದೆ. ಕೊನೆಗೆ ಬರುವ ಸೈಲೆನ್ಸರ್ ಡಬ್ಬಿಯೊಳಗೆ ತೂತುಗಳಿರುವ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ. ಗಾಳಿ ನೇರ ಹೋಗುತ್ತದೆ, ಸದ್ದು ತೂತುಗಳಲ್ಲಿ ನುಸುಳಿ ಉಣ್ಣೆಯಲ್ಲಿ ಅಡಗುತ್ತದೆ. ಇಂದು ನಾನು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಬಿಡಿಸಿ ಲೆಕ್ಕ ಹಾಕುತ್ತೇನೆ, ಬಗ್ಗಿಸಲು ಯಂತ್ರವಿದೆ. ಆದರೆ ನನಗೆ ತಿಳಿದ ಮೂಲ ಸಂಗತಿ ಅಷ್ಟೂ ರೊಟ್ಟಿ, ಪುಂಡಿಪಲ್ಯದ ತಾಟಿನ ಮುಂದೆ ತಿಳಿದದ್ದು.

ಆ ಊಟದ ಹೊತ್ತಿನಲ್ಲೇ ಜಗಳವೂ ಆಗುತ್ತಿತ್ತು. ಅಪ್ಪನ ತಮ್ಮ ಶಿವಾಕಾಕಾ ನಮ್ಮೊಂದಿಗೇ ಇದ್ದ. ಕೈ ಚುರುಕು, ಮಾತು ಇನ್ನೂ ಚುರುಕು. ಐರೋಲಿ, ಘಣಸೋಲಿಯ ಹುಡುಗರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವರಿಗೆ ಬೇಕಾದದ್ದು ಸದ್ದು. ಕಾಕಾ ಸೈಲೆನ್ಸರಿನ ಹೊಟ್ಟೆ ಕೊಯ್ದು ಒಳಗಿನದನ್ನೆಲ್ಲ ತೆಗೆದು ಮತ್ತೆ ಮುಚ್ಚಿಕೊಡುತ್ತಿದ್ದ. ಆ ಕಾರುಗಳು ಓಣಿ ದಾಟುವಾಗ ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ತಾಗುತ್ತಿದ್ದವು.

"ಅಣ್ಣಾ, ಹುಡುಗ್ರಿಗೆ ಆವಾಜ್ ಬೇಕು. ಆವಾಜ್ ಇಲ್ಲಂದ್ರ ಅವರಿಗೆ ಗಾಡಿ ನಡೆಸಿದಂಗ ಅನ್ಸಂಗಿಲ್ಲ."

"ಒದರಿದ್ರ ಗಾಡಿ ಓಡಂಗಿಲ್ಲ ಶಿವಾ. ನೀ ಹೊಟ್ಟಿ ಕೊಯ್ದ ಕೊಟ್ಟಿದ್ದು ರಿಪೇರಿನೂ ಅಲ್ಲ, ಕೆಲಸನೂ ಅಲ್ಲ."

"ನಿನ್ನ ಕೆಲಸ ನೋಡಾಕ ಗಾಡಿ ಕೆಳಗ ಮಕ್ಕೋಬೇಕು. ನನ್ನ ಕೆಲಸ ಕಲ್ಯಾಣ ತನಕ ಕೇಳ್ತೈತಿ."

ಅವ್ವ ನೀಲವ್ವ ಇಬ್ಬರಿಗೂ ಬಡಿಸುತ್ತಿದ್ದಳು, ಯಾರ ಕಡೆಯೂ ಮಾತಾಡುತ್ತಿರಲಿಲ್ಲ. ಅಪ್ಪ ಬೆಸೆಯುವಾಗ ತುಂಡುಗಳನ್ನು ಇಕ್ಕಳದಿಂದ ಹಿಡಿದು ನಿಲ್ಲುವವಳು ಅವಳೇ. ಜೋಡಿಸುವ ಅಂಚುಗಳನ್ನು ಉಜ್ಜಿ ಬೆಳ್ಳಿಯಂತೆ ಮಾಡುವವಳೂ ಅವಳೇ. ಇನ್ನೊಂದು ಕಪ್ಪು ಗಾಜನ್ನು ಕಣ್ಣಿಗೆ ಹಿಡಿದು, ಲೋಹ ಕರಗಿ ಹರಿಯುವುದನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ನಮಗೆ ಯಾರಿಗೂ ಅದು ಕಲಿಕೆಯೆಂದು ಹೊಳೆದಿರಲಿಲ್ಲ.

ಜೋರು ಮಳೆಯ ಒಂದು ಮಧ್ಯಾಹ್ನ ಅಪ್ಪ ಸಾಮಾನು ತರಲು ತುರ್ಭೆಗೆ ಹೋಗಿದ್ದ. ಕಾಕಾನಿಗೆ ಒಂದು ಕಾರು ಬೇಗ ಮುಗಿಸಿಕೊಡಬೇಕಿತ್ತು. ಹುರಿದ ಉಸುಕು ತೀರಿತ್ತು. ಅವ್ವ ಬಾಣಲೆ ಇಡುತ್ತೇನೆ ಅಂದಳು. ಕಾಕಾ ಅಷ್ಟು ಹೊತ್ತು ಕಾಯಲಿಲ್ಲ, ಗೋಡೆಗೆ ಒರಗಿಸಿಟ್ಟಿದ್ದ ಚೀಲದ ಹಸಿ ಉಸುಕನ್ನೇ ತುಂಬಿ ಬೆಣೆ ಹೊಡೆದು ಉರಿ ಹಿಡಿದ. ಢಂ ಎಂದು ಸದ್ದಾಯಿತು. ಬೆಣೆ ಓಣಿ ದಾಟಿ, ಎದುರಿನ ಸಾವಂತರ ಅಡುಗೆಮನೆಯ ಕಿಟಕಿ ಒಡೆದು, ಅಲ್ಲಿದ್ದ ಅಕ್ಕಿಯ ಡಬ್ಬಿಗೆ ಬಡಿದು ನಿಂತಿತು. ಸಾವಂತ ಕಾಕಿ ಅದರ ಪಕ್ಕದಲ್ಲೇ ಬೇಳೆ ಆರಿಸುತ್ತ ಕೂತಿದ್ದರು. ಅವರಿಗೆ ಏನೂ ಆಗಲಿಲ್ಲ. ಬೆಣೆಯನ್ನು ಕೈಯಲ್ಲಿ ಹಿಡಿದು ಮಳೆಯಲ್ಲೇ ನಮ್ಮ ಅಂಗಳಕ್ಕೆ ಬಂದರು. ಅವ್ವ ಅವರನ್ನು ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತುಬಿಟ್ಟಳು.

ಮುಂದಿನ ಭಾನುವಾರ ಓಣಿಯ ಮನೆಗಳ ಸೊಸಾಯ್ಟಿಯ ಮೀಟಿಂಗ್. ಕಾಕಿಯ ಗಂಡ ಸಾವಂತರೇ ಚೇರ್ಮನ್. ಸಿಟ್ಟಿನ ಮನುಷ್ಯರಲ್ಲ; ಗಣಪತಿಗೆ ನಮ್ಮ ಮನೆಯ ಹೋಳಿಗೆ ಅವರಿಗೆ ಹೋಗಲೇಬೇಕಿತ್ತು. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಈರಣ್ಣಾ, ನೀವು ಒಳ್ಳೆಯವರು, ಕೆಲಸವೂ ಒಳ್ಳೆಯದು, ಆದರೆ ಇದು ಮನೆಗಳ ನಡುವೆ ಬೇಡ. ದೀಪಾವಳಿಯೊಳಗೆ ಬೇರೆ ಜಾಗ ನೋಡಿಕೊಳ್ಳಿ. ಅಪ್ಪ ವಾದ ಮಾಡಲಿಲ್ಲ. ಕೈ ಮುಗಿದು ಒಪ್ಪಿಕೊಂಡು ಬಂದ. ಮನೆಗೆ ಬಂದವನೇ ಕಾಕಾನ ಮುಂದೆ ನಿಂತ.

"ಇನ್ನ ಮ್ಯಾಲೆ ಈ ಅಂಗಳದಾಗ ಹೊಟ್ಟಿ ಕೊಯ್ಯೋ ಕೆಲಸ ಇಲ್ಲ. ಹಸಿ ಉಸುಕಿನ ಕೆಲಸಾನೂ ಇಲ್ಲ."

"ಅಂದ್ರ ನಾನೂ ಇಲ್ಲ," ಅಂದ ಕಾಕಾ. ತನ್ನ ಪಾನಾಗಳ ಪೆಟ್ಟಿಗೆ ಎತ್ತಿಕೊಂಡು ಘಣಸೋಲಿಯ ಹಳೆ ಊರಿನಲ್ಲಿ ಗೆಳೆಯನ ಶೆಡ್ಡಿಗೆ ಹೊರಟುಹೋದ. ಆಯಿ ಅಂದು ಊಟಕ್ಕೆ ಏಣಿ ಇಳಿಯಲಿಲ್ಲ.

ಅದೇ ಮಳೆಗಾಲದ ಕೊನೆಯಲ್ಲಿ ಠಾಣೆಯಿಂದ ಒಂದು ಕೆಂಪು ಕಾರು ಬಂತು. ಸಣ್ಣ ಕಾರು, ಒಳಗೆ ಹಿಂದಿನ ಸೀಟೇ ಇಲ್ಲ, ಕಬ್ಬಿಣದ ಪಂಜರ ಕೂರಿಸಿದ್ದರು. ಓಡಿಸಿಕೊಂಡು ಬಂದವಳು ಎತ್ತರದ ಹೆಂಗಸು, ಹೆಸರು ರೋಹಿಣಿ. ಎಲ್ಲರೂ ಮರಾಠಿಯ ರೂಢಿಯಂತೆ ರೋಹಿಣಿತಾಯಿ, ಅಂದರೆ ರೋಹಿಣಿ ಅಕ್ಕ, ಎನ್ನುತ್ತಿದ್ದರು. ಆಯಿ ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡಳು.

"ಲಗ್ನನ ಆಗಿಲ್ಲ ಅಂತೀರಿ. ಯಾರ ತಾಯಿ ಆಕಿ?"

ನಾವು ನಕ್ಕಿದ್ದು ನೋಡಿ ರೋಹಿಣಿತಾಯಿ ಏನೆಂದು ಕೇಳಿದಳು. ಅಪ್ಪ ಬಿಡಿಸಿ ಹೇಳಿದ ಮೇಲೆ ಅವಳೂ ಬಹಳ ಹೊತ್ತು ನಕ್ಕಳು. ಆಮೇಲೆ ವಿಷಯಕ್ಕೆ ಬಂದಳು. ದಸರೆ ಕಳೆದ ಮೇಲೆ ಘಾಟಿನ ಏರುದಾರಿಯಲ್ಲಿ ಒಂದು ಸ್ಪರ್ಧೆ. ಒಂದೊಂದೇ ಕಾರು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಬೇಗ ಮುಟ್ಟಿದವರು ಗೆದ್ದಂತೆ. ಸದ್ದಿಗೂ ಮಿತಿಯಿದೆ, ಅಳತೆ ಮಾಡಿ, ಮೀರಿದವರನ್ನು ಬಿಡುವುದಿಲ್ಲ. ಅವಳ ಕಾರಿಗೆ ಹಿಂದೆ ಯಾರೋ ಅಗಲದ ಕೊಳವೆ ಹಾಕಿದ್ದರು. ನೇರ ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ತಿರುವಿನಲ್ಲಿ ವೇಗ ಇಳಿದ ಕೂಡಲೇ ಮೇಲೇಳಲು ಒದ್ದಾಡುತ್ತಿತ್ತು. ಅಪ್ಪ ಅವಳೊಡನೆ ಪಾರಸಿಕ್ ಗುಡ್ಡದ ದಾರಿ ಹತ್ತಿಬಂದ. ಇಳಿದವನು ಬಾನೆಟ್ ಮೇಲೆ ಕೈಯಿಟ್ಟ. ಎಂಜಿನ್ ಚೆನ್ನಾಗಿದೆ, ಆದರೆ ಕೊಳವೆ ಪೂರ್ತಿ ಹೊಸದಾಗಬೇಕು, ಸ್ಟೀಲಿನದು, ನಾಲ್ಕು ಎರಡಾಗಿ ಎರಡು ಒಂದಾಗುವಂಥದು ಎಂದು ಹಿಂದಿಯಲ್ಲಿ ಹೇಳಿದ. ಅವಳು ಕಾರಿನ ಕೀಲಿ ಅವನ ಕೈಯಲ್ಲಿಟ್ಟು ಬಸ್ಸಿಗೆ ಹೋದಳು.

ಅಂದು ಊಟಕ್ಕೆ ಕೂತಾಗ ಅಪ್ಪ ತುತ್ತು ಎತ್ತಲಿಲ್ಲ.

"ಎಡಗಣ್ಣಿನಾಗ ಪೊರಿ ಬಂದೈತಿ. ಬಲಗಣ್ಣಿನಾಗೂ ಚಾಲೂ ಆಗೈತಿ. ವೆಲ್ಡಿಂಗ್ ಬೆಂಕಿ ನೋಡಬ್ಯಾಡ ಅಂದಾರ ವಾಶಿ ಡಾಕ್ಟರ್. ಆಪರೇಶನ್ ಆಗೂ ತನಕ."

"ಯಾವಾಗ ತೋರ್ಸಿದ್ರಿ?" ಅಂದಳು ಅವ್ವ.

"ತುರ್ಭೆಗೆ ಹ್ವಾದ ದಿನ. ಸಾಮಾನ ತಂದ ಮ್ಯಾಲೆ."

ಬೆಣೆ ಹಾರಿದ ದಿನ. ಅಂದಿನಿಂದ ಅವನು ಅದನ್ನು ಒಳಗೇ ಇಟ್ಟುಕೊಂಡಿದ್ದ. ಆಯಿ ತಕ್ಷಣ ಶಿವಾನನ್ನು ಕರೆಸು ಅಂದಳು. ಅಪ್ಪ ತಾಟು ಸರಿಸಿ ಎದ್ದ. ಮರುದಿನ ಅವ್ವ ನನ್ನನ್ನು ಕರೆದುಕೊಂಡು ಘಣಸೋಲಿಗೆ ಹೋದಳು. ಕಾಕಾ ಒಂದು ಬಂಪರ್ ಕೆಳಗಿಂದ ಎದ್ದು ಬಂದು, ಇಬ್ಬರಿಗೂ ಚಹಾ ತರಿಸಿ, ಕೇಳಿಸಿಕೊಂಡ. ಅಣ್ಣನ ಕಣ್ಣಿನ ಸುದ್ದಿಗೆ ಅವನ ಮುಖ ಇಳಿಯಿತು.

"ಬರ್ತೀನಿ ವೈನಿ. ಆದ್ರ ಅಣ್ಣ ತಾನ ಬಂದು ಕರೀಲಿ. ನಾಲ್ಕು ಮಂದಿ ಕೇಳೂಹಂಗ ಹೊರಗ ಹಾಕ್ಯಾನ ನನ್ನ."

ಅಪ್ಪ ಹೋಗುವವನಲ್ಲ ಎಂದು ಅವ್ವನಿಗೆ ಗೊತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಮನೆ ಹೊಕ್ಕವಳು ಚಪ್ಪಲಿ ಬಿಟ್ಟು ನೇರ ಅಂಗಳದ ಮೂಲೆಗೆ ಹೋಗಿ, ಆರ್ಗನ್ ವೆಲ್ಡಿಂಗಿನ ಹಿಡಿಕೆ ಕೈಗೆ ತೆಗೆದುಕೊಂಡಳು.

"ನಾ ಮಾಡ್ತೀನಿ. ನೀವು ಬಾಜೂಕ ನಿಂತ ಹೇಳ್ರಿ."

"ಇದು ಸ್ಟೀಲ್ ನೀಲಾ. ಒಂದ ಕ್ಷಣ ಹೆಚ್ಚ ನಿಂತ್ರ ತೂತು ಬೀಳ್ತೈತಿ. ಕಡಿಮಿ ನಿಂತ್ರ ಜೋಡ ಹಿಡ್ಯಂಗಿಲ್ಲ. ಆಕಿ ಘಾಟಿನಾಗ ಹೋಗಾಕಿ. ಜೋಡ ಸೀಳಿದ್ರ ಬೆಂಕಿ ಆಕಿ ಕಾಲಬುಡಕ್ಕ ಬರ್ತೈತಿ."

"ಅದಕ್ಕ ಹೇಳ್ತೀನಿ, ಬಾಜೂಕ ನಿಂದರ್ರಿ."

ಅಂದಿನಿಂದ ನಮ್ಮ ಮನೆಯ ದಿನಚರಿ ಬದಲಾಯಿತು. ಅವ್ವ ಬೆಳಗಿನ ರೊಟ್ಟಿ ಮುಗಿಸಿ, ಸೀರೆಯ ಮೇಲೆ ಅಪ್ಪನ ಖಾಕಿ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಅಂಗಳಕ್ಕೆ ಇಳಿಯುತ್ತಿದ್ದಳು. ಒಂದು ಕೈಯಲ್ಲಿ ಉರಿಯ ಹಿಡಿಕೆ, ಇನ್ನೊಂದರಲ್ಲಿ ತುಂಬುವ ತಂತಿ. ಮೊದಮೊದಲು ತುಂಡುಗಳೆಲ್ಲ ತೂತುಬಿದ್ದವು. ಆಮೇಲೆ ಮೇಲಿನಿಂದ ಚೆಂದ ಕಾಣುವ ಜೋಡುಗಳು ಬಂದವು. ಅಪ್ಪ ಅವನ್ನು ಗರಗಸದಿಂದ ಉದ್ದಕ್ಕೆ ಸೀಳಿ ಒಳಮೈ ತೋರಿಸುತ್ತಿದ್ದ. ಸ್ಟೀಲು ಕಾದಾಗ ಒಳಗಿನಿಂದ ಗಾಳಿ ತಾಗಿದರೆ ಸುಟ್ಟ ಬೆಲ್ಲದಂಥ ಕಪ್ಪು ಹಕ್ಕಳೆ ಏಳುತ್ತದೆ. ಆ ಹಕ್ಕಳೆ ಹೊಗೆಯ ದಾರಿಗೆ ಅಡ್ಡ, ಜೋಡು ಸೀಳುವುದೂ ಅಲ್ಲಿಂದಲೇ. ಅದು ಬರಬಾರದೆಂದರೆ ಕೊಳವೆಯ ಒಳಗೂ ಆರ್ಗನ್ ಅನಿಲ ತುಂಬಿರಬೇಕು, ಸಂದುಗಳೆಲ್ಲ ಮುಚ್ಚಿರಬೇಕು. ಅಪ್ಪ ಅಲ್ಲಿಯವರೆಗೆ ಅದಕ್ಕೆ ಟೇಪು ಸುತ್ತುತ್ತಿದ್ದ. ಅವ್ವ ಗೋಧಿಹಿಟ್ಟಿನ ಕಣಕ ಕಲಸಿ, ಉರಿಯಿಂದ ದೂರದ ಬಾಯಿಗಳಿಗೆ ಮೆತ್ತಿದಳು. ಆಯಿಗೆ ಇದು ತಡೆಯಲಾಗಲಿಲ್ಲ.

"ತಿನ್ನೂ ಹಿಟ್ಟ ಹೊಗಿಕೊಳವಿಗೆ ಮೆತ್ತತೀ ಏನ? ನಾಳಿ ನನ್ನ ಮಗನ ಬಾಯಿಗೆ ಏನ ಹಾಕ್ತಿ?"

"ನಾಳಿ ಬಾಯಿಗೆ ತುತ್ತ ಹಾಕೂದ ಈ ಕೊಳವೀನ, ಅತ್ತೀ," ಅಂದಳು ಅವ್ವ, ಕೆಲಸ ನಿಲ್ಲಿಸದೆ. ಅತ್ತೆಗೆ ಅವಳು ಎದುರುತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಯಿ ಬೈಯಲಿಲ್ಲ. ಮರುದಿನದಿಂದ ಕಣಕವನ್ನು ತಾನೇ ನಾದಿ ಇಡತೊಡಗಿದಳು.

ಒಂದು ಮಧ್ಯಾಹ್ನ ಅಪ್ಪ ಸೀಳಿದ ತುಂಡಿನ ಒಳಮೈ ಹೊರಮೈಯಷ್ಟೇ ಬೆಳ್ಳಗಿತ್ತು. ಅವನು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಸಾಕಾಗದೆ ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ ನೋಡಿದ. ನನ್ನ ಕೈಗೆ ಕೊಟ್ಟು, "ನೀ ನೋಡ ಮಗಳ, ನನ್ನ ಕಣ್ಣ ನಂಬಬ್ಯಾಡ," ಅಂದ. ನಾನೂ ನೋಡಿದೆ. ಎಲ್ಲೂ ಕಪ್ಪಿರಲಿಲ್ಲ. ಅವನು ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಹಳ ಹೊತ್ತು ಟವೆಲ್ಲಿನಲ್ಲಿ ಮುಖವಿಟ್ಟು ನಿಂತಿದ್ದ.

ರೋಹಿಣಿತಾಯಿಗೆ ಮುಚ್ಚಿಡುವುದು ಅಪ್ಪನಿಗೆ ಸರಿಬರಲಿಲ್ಲ. ಕಣ್ಣಿನ ವಿಷಯ ಹೇಳಿದ, ಬೆಸೆಯುವವಳು ನನ್ನ ಹೆಂಡತಿ ಎಂದ, ಬೇಡವಾದರೆ ಕಾರು ಬೇರೆ ಕಡೆ ಒಯ್ಯಬಹುದು ಎಂದ. ಅವಳು ಸೀಳಿದ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಇದು ಅಲುಗಾಟ ತಡೆಯುತ್ತದೆಯೇ ಎಂದು ಅಪ್ಪನನ್ನು ಕೇಳದೆ ಅವ್ವನನ್ನೇ ಕೇಳಿದಳು. ಅವ್ವ ತನ್ನ ಮುರುಕು ಮರಾಠಿಯಲ್ಲಿ, ತಡೆಯುತ್ತದೆ, ಆದರೆ ಒಂದು ಓಟದ ನಂತರ ನಾನೇ ಕೆಳಗೆ ಮಲಗಿ ನೋಡಬೇಕು, ನೋಡದೆ ಎರಡನೆಯ ಸಲ ಬಿಡುವುದಿಲ್ಲ ಎಂದಳು.

"ಠೀಕ್ ಆಹೇ ವಹಿನೀ," ಅಂದಳು ರೋಹಿಣಿತಾಯಿ. ಸರಿ ಅತ್ತಿಗೆ, ನೀವು ಬೆಸೆಯಿರಿ, ನಾನು ಓಡಿಸುತ್ತೇನೆ ಎಂದು ಮರಾಠಿಯಲ್ಲೇ ಮುಗಿಸಿದಳು.

ಎಂಜಿನ್ನಿನ ಸುತ್ತ ಜಾಗ ಕಡಿಮೆ. ನಾಲ್ಕು ಕೊಳವೆಗಳ ಉದ್ದ ಸಮವಾಗಬೇಕೆಂದರೆ ದೂರದ ಸಿಲಿಂಡರಿನದು ನೇರ ಬರಬೇಕು, ಹತ್ತಿರದ್ದು ಬೇಕೆಂದೇ ಬಳಸಿ ಸುತ್ತಿಬರಬೇಕು. ಅಪ್ಪ ತಂತಿ ಬಗ್ಗಿಸಿ ದಾರಿ ತೋರಿಸುತ್ತಿದ್ದ, ನಾನು ಆ ತಂತಿಯ ಮೇಲೆ ನೂಲು ಹಿಡಿದು ಅಳೆಯುತ್ತಿದ್ದೆ. ಮೂರನೆಯ ಕೊಳವೆ ನನ್ನ ಅಳತೆಗೆ ಬರಲಿಲ್ಲ. ಒಂದು ಬೆರಳಿನಷ್ಟು ಗಿಡ್ಡ ಎಂದೆ. ಅಪ್ಪ ಸರಿಯಾಗಿದೆ ಅಂದ. ನಾನು ಮತ್ತೆ ಅಳೆದು ಗಿಡ್ಡವೇ ಎಂದೆ. ಅವನು ನೂಲನ್ನು ಬೆರಳಿನಲ್ಲಿ ತಡವಿ, ಕೊಳವೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ತೆಗೆದುಕೊಂಡ. ನನ್ನ ಮಾತಿಗೆ ಒಂದು ಕೊಳವೆ ಬಿಟ್ಟುಕೊಟ್ಟನಲ್ಲ ಎಂಬ ಹೆಮ್ಮೆಯಲ್ಲಿ ಅಂದು ನನಗೆ ಹಸಿವೇ ಆಗಲಿಲ್ಲ. ಒಂದನೆಯದಕ್ಕೆ ನಾಲ್ಕನೆಯದನ್ನು, ಎರಡನೆಯದಕ್ಕೆ ಮೂರನೆಯದನ್ನು ಜೋಡಿ ಮಾಡಿದೆವು. ಬೆಂಕಿ ಹತ್ತುವ ಸರದಿ ಹಾಗಿದ್ದರೆ ಮಾತ್ರ ಒಂದರ ಸೆಳೆತ ಇನ್ನೊಂದಕ್ಕೆ ಸಿಗುತ್ತದೆ. ಭಾನುವಾರ ಬೆಳಗ್ಗೆ ಅವ್ವ ಕೂಡುವ ಜಾಗ ಬೆಸೆಯಲು ಕೂತಳು. ಎರಡೆರಡು ದುಂಡು ಬಾಯಿಗಳು ಒಂದಕ್ಕೊಂದು ಒರಗಿದ ಆ ಇಕ್ಕಟ್ಟಿನಲ್ಲಿ ಉರಿಯ ತುದಿ ಹೋಗುವುದೇ ಕಷ್ಟ. ಮಧ್ಯಾಹ್ನದವರೆಗೂ ಅವಳು ಎದ್ದೇಳಲಿಲ್ಲ. ಎದ್ದಾಗ ಅಂಗಿ ಬೆನ್ನಿಗೆ ಅಂಟಿತ್ತು. ಅಪ್ಪ ಅವಳಿಗೆ ನೀರಿನ ತಂಬಿಗೆ ಕೊಟ್ಟ. ನಮ್ಮ ಮನೆಯಲ್ಲಿ ತಂಬಿಗೆ ಯಾವಾಗಲೂ ಇನ್ನೊಂದು ದಿಕ್ಕಿನಲ್ಲಿ ಹೋಗುತ್ತಿತ್ತು.

ಕಾರು ಚಾಲೂ ಮಾಡುವ ದಿನ ಓಣಿಯವರೆಲ್ಲ ಹೊರಗೆ ಬಂದರು. ಸಾವಂತ ಕಾಕಾ ಮೊದಲೇ ಎರಡೂ ಕಿವಿ ಮುಚ್ಚಿ ನಿಂತಿದ್ದರು. ಅಪ್ಪ ಕೀಲಿ ತಿರುಗಿಸಿದ. ಕೆಳದನಿಯ, ತುಂಬಿದ, ಎಲ್ಲೂ ಒಡೆಯದ ಸದ್ದು. ಸಾವಂತರು ಒಂದು ಕೈ ತೆಗೆದರು, ಆಮೇಲೆ ಇನ್ನೊಂದು. ಅವರ ಹೆಂಡತಿ ಅವ್ವನ ಹತ್ತಿರ ಬಂದು, ನೀನೇನಾ ಮಾಡಿದ್ದು ಎಂದು ಕೇಳಿ, ಅವಳ ಕೈ ಹಿಡಿದು ಮಗುಚಿ ನೋಡಿದರು. ಬೆರಳುಗಳ ತುಂಬ ಸಣ್ಣ ಸಣ್ಣ ಸುಟ್ಟ ಗುರುತುಗಳಿದ್ದವು.

ಸ್ಪರ್ಧೆಗೆ ನಾವೆಲ್ಲ ಒಂದು ಟೆಂಪೊದಲ್ಲಿ ಹೋದೆವು, ಆಯಿಯೂ ಬುತ್ತಿ ಕಟ್ಟಿಕೊಂಡು ಬಂದಳು. ಘಾಟಿನ ಕೆಳಗೆ ಸದ್ದು ಅಳೆಯುವವರು ಕೊಳವೆಯ ಬಾಯಿಗೆ ಯಂತ್ರ ಹಿಡಿದು, ಎಂಜಿನ್ ಏರಿಸಲು ಹೇಳಿ, ತಲೆಯಾಡಿಸಿ ಬಿಟ್ಟರು. ನಾವು ಅರ್ಧ ದಾರಿಯ ಹಿಮ್ಮುರಿ ತಿರುವಿನಲ್ಲಿ ಹಗ್ಗದ ಆಚೆ ನಿಂತೆವು. ಅಲ್ಲಿ ಎಲ್ಲ ಕಾರುಗಳೂ ವೇಗ ಕಳೆದುಕೊಂಡು, ಒಂದು ಗಳಿಗೆ ಹಿಂಜರಿದು, ಆಮೇಲೆ ಏರುತ್ತಿದ್ದವು. ಕೆಂಪು ಕಾರಿನ ಸದ್ದು ಕೆಳಗಿನ ಕಾಡಿನಿಂದ ಕೇಳಿತು. ಅಪ್ಪ ಕಣ್ಣು ಮುಚ್ಚಿಕೊಂಡ. ಕಾರು ತಿರುವಿಗೆ ಬಂತು, ಹಿಂದಿನ ಗಾಲಿ ಜಾರಿ ಮಣ್ಣು ಹಾರಿತು, ರೋಹಿಣಿತಾಯಿ ಒತ್ತಿದಳು, ಅದು ಹಿಂಜರಿಯಲಿಲ್ಲ. ಯಾರೋ ಹಿಂದಿನಿಂದ ದೂಡಿದ ಹಾಗೆ ಮೇಲಕ್ಕೆ ಹೋಯಿತು. ಅಪ್ಪ ಕಣ್ಣು ತೆರೆಯದೆಯೇ ಅವ್ವನ ಭುಜದ ಮೇಲೆ ಕೈಯಿಟ್ಟ. ಅಷ್ಟು ಜನರ ನಡುವೆ ಅವನು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮೊದಲ ಓಟ ಮುಗಿದು ಕಾರು ಕೆಳಗೆ ಬಂದಾಗ ರೋಹಿಣಿತಾಯಿಯ ಸುತ್ತ ಜನ ಮುತ್ತಿದ್ದರು, ಅವಳ ವರ್ಗದಲ್ಲಿ ಅವಳದೇ ಎಲ್ಲಕ್ಕಿಂತ ಕಡಿಮೆ ಸಮಯ ಎನ್ನುತ್ತಿದ್ದರು. ಅವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಾರನ್ನು ಜಾಕ್ ಮೇಲೆ ಎತ್ತಿಸಿ, ಗೋಣಿಚೀಲ ಹಾಸಿ, ಬ್ಯಾಟರಿ ಹಿಡಿದು ಕೆಳಗೆ ನುಸುಳಿದಳು. ಹೊಳೆಯುವ ಅಂಗಿ ತೊಟ್ಟ ಆ ಜನರ ನಡುವೆ ನಮ್ಮವ್ವನ ಹಸಿರು ಸೀರೆಯ ಅಂಚು, ಕಾಲುಂಗುರದ ಎರಡು ಪಾದಗಳು ಕಾರಿನ ಹೊರಗೆ ಕಾಣುತ್ತಿದ್ದವು. ಯಾರೋ ಫೋಟೊ ತೆಗೆದರು. ನನಗೆ ನಾಚಿಕೆಯಾಗಬಹುದೆಂದು ಒಂದು ಕ್ಷಣ ಕಾದೆ. ಆಗಲಿಲ್ಲ. ಎದೆ ಉಬ್ಬಿ, ಪಕ್ಕದಲ್ಲಿ ನಿಂತವರು ಕೇಳದಿದ್ದರೂ ಅವರಿಗೆ ಹೇಳಿದೆ: "ತೀ ಮಾಝೀ ಆಯೀ ಆಹೇ." ಅವಳು ನನ್ನ ತಾಯಿ.

ಅವ್ವ ಹೊರಗೆ ಬಂದು ಎಲ್ಲೂ ಬಿರುಕಿಲ್ಲ ಎಂದಳು. ಎರಡನೆಯ ಓಟಕ್ಕೆ ಕಾರು ಹೋಯಿತು, ಇನ್ನೂ ಬೇಗ ಮುಟ್ಟಿತು, ರೋಹಿಣಿತಾಯಿ ತನ್ನ ವರ್ಗದಲ್ಲಿ ಗೆದ್ದಳು. ಕಪ್ ತೆಗೆದುಕೊಂಡವಳು ನೇರ ಬಂದು ಅದನ್ನು ಆಯಿಯ ಮಡಿಲಲ್ಲಿಟ್ಟಳು. "ತಾಯಿ ಅಂದ್ರ ಹಿಂಗಿರ್ಬೇಕು ಬಿಡು," ಅಂದಳು ಆಯಿ, ಯಾರನ್ನು ಕುರಿತು ಎಂದು ಬಿಡಿಸಿ ಹೇಳಲಿಲ್ಲ.

ಹಿಂದಿರುಗಲು ಟೆಂಪೊ ಹತ್ತುವಾಗ ಶಿವಾಕಾಕಾ ಬಂದ. ಬೆಳಗ್ಗೆಯಿಂದ ಮೇಲಿನ ತಿರುವಿನಲ್ಲಿ ನಿಂತಿದ್ದನಂತೆ. ಅಣ್ಣನ ಮುಖ ನೋಡದೆ ಅವ್ವನಿಗೆ ಹೇಳಿದ:

"ಕೆಳಗಿಂದ ಆವಾಜ್ ಬಂದ ಕೂಡ್ಲೇ ನಮ್ಮ ಮನಿದು ಅಂತ ಗೊತ್ತಾತು ವೈನಿ. ಭಾಳ ಚಲೋ ಆಗೈತಿ."

ಅಪ್ಪ ಟೆಂಪೊದೊಳಗಿಂದ ಸ್ವಲ್ಪ ಸರಿದು ಜಾಗ ಮಾಡಿದ.

"ಹತ್ತು. ನಿಂತ್ಕೊಂಡ ಮಾತಾಡೂದೇನೈತಿ. ದೀಪಾವಳಿಗೆ ಸಾಮಾನ ಸಾಗಸೂದೈತಿ, ಒಬ್ಬನ ಕೈಲೆ ಆಗಂಗಿಲ್ಲ."

ಕಾಕಾ ಹತ್ತಿದ. ದಾರಿಯಲ್ಲಿ ಆಯಿಯ ಬುತ್ತಿಯ ಒಂದೇ ಗಂಟಿನಿಂದ ಇಬ್ಬರೂ ತಿಂದರು.

ಸೊಸಾಯ್ಟಿಗೆ ಕೊಟ್ಟ ಮಾತಿನಂತೆ ದೀಪಾವಳಿಗೆ ಮೊದಲೇ ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಗಾಳಾ, ಅಂದರೆ ಬಾಡಿಗೆಯ ಶೆಡ್ಡು, ಹಿಡಿದೆವು. ಸಿಮೆಂಟಿನ ನೆಲ, ಎತ್ತರದ ಶಟರ್, ಅಕ್ಕಪಕ್ಕದಲ್ಲಿ ಲೇತ್ ಮಷೀನುಗಳು. ಅಲ್ಲಿ ಎಷ್ಟು ಸದ್ದು ಮಾಡಿದರೂ ಕೇಳುವವರಿರಲಿಲ್ಲ; ಹಾಗಿದ್ದೂ ಕಾಕಾ ಮತ್ತೆ ಸೈಲೆನ್ಸರಿನ ಹೊಟ್ಟೆ ಕೊಯ್ಯಲಿಲ್ಲ. ಅಪ್ಪನ ಎರಡೂ ಕಣ್ಣಿನ ಆಪರೇಶನ್ ಆಯಿತು, ಚೆನ್ನಾಗಿಯೇ ಕಾಣತೊಡಗಿತು. ಆದರೆ ಅವನು ಬೆಸೆಯುವ ಹಿಡಿಕೆಯನ್ನು ವಾಪಸು ಕೇಳಲಿಲ್ಲ. ಗುರುತು ಹಾಕುವುದು, ಬಗ್ಗಿಸುವುದು ತನ್ನದೆಂದೂ ಜೋಡಿಸುವುದು ಅವಳದೆಂದೂ ಇಬ್ಬರ ನಡುವೆ ಮಾತಿಲ್ಲದೆ ನಿಂತುಹೋಯಿತು. ನನ್ನನ್ನು ನಾನು ಏನೆಂದು ತಿಳಿದುಕೊಂಡಿದ್ದೇನೋ, ಯಾವ ಕೋಣೆಗೆ ಹೋದರೂ ಅಳುಕದೆ ನನ್ನ ಅಳತೆ ಸರಿ ಎಂದು ಹೇಳಬಲ್ಲೆನೋ, ಅದೆಲ್ಲ ಆ ಒಂದು ಮಳೆಗಾಲದಲ್ಲಿ ಕೋಪರಖೈರಣೆಯ ಅಂಗಳದಲ್ಲಿ ಆದದ್ದು.

ಗಾಳಾ ಶುರುವಾದ ಹೊಸತರಲ್ಲಿ ಒಂದು ದಿನ ಸೀವುಡ್ಸ್ ಕಡೆಯ ಒಬ್ಬ ಗಿರಾಕಿ ಬಂದ. ಶಾಲೆ ಮುಗಿಸಿ ನಾನೂ ಅಲ್ಲೇ ಇದ್ದೆ. ಗುರುತು ಹಾಕುತ್ತ ಕೂತಿದ್ದ ಅಪ್ಪನ ಹತ್ತಿರ ಹೋಗಿ, ಘಾಟಿನಲ್ಲಿ ಗೆದ್ದ ಕೆಂಪು ಕಾರಿನ ಕೊಳವೆ ಇಲ್ಲೇ ಆದದ್ದಂತೆ, ಮಿಸ್ತ್ರಿ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಅಪ್ಪ ತಲೆ ಎತ್ತದೆ, ಸೀಮೆಸುಣ್ಣ ಹಿಡಿದ ಕೈಯಿಂದಲೇ ಒಳಗಿನ ನೀಲಿ ಬೆಳಕಿನ ಕಡೆ ತೋರಿಸಿದ. ಗಿರಾಕಿ ಅತ್ತ ನೋಡಿದ, ಅಪ್ಪನ ಕಡೆ ನೋಡಿದ, ಮತ್ತೆ ಅತ್ತ ನೋಡಿದ. ಅವ್ವ ಹಿಡಿದ ಜೋಡನ್ನು ಪೂರ್ತಿ ಮುಗಿಸಿ, ಉರಿ ಆರಿಸಿ, ಮುಖದ ಕಪ್ಪು ಗಾಜು ಮೇಲಕ್ಕೆ ತಳ್ಳಿದಳು.

"ಬೋಲೋ ಭೈಯಾ," ಅಂದಳು. "ಗಾಡಿ ಕೌನ್ಸೀ ಹೈ?"